ಬಚ್ಚಪ್ಪನ ಕ್ಯಾಂಟರ್ ಮಿಸ್ಸಿಂಗ್

ಬೈರಕೂರು ಬಿಟ್ಟು ಮುಳಬಾಗಿಲಿನ ಕಡೆಗೆ ಮೊದಲ ಏರು ಹತ್ತುವಾಗಲೇ ಬಚ್ಚಪ್ಪನ ಕ್ಯಾಂಟರ್ ಕೆಮ್ಮಿತು. ಕಾಲು ಸಡಿಲ ಬಿಟ್ಟರೆ ಏನೂ ಆಗೇ ಇಲ್ಲವೆಂಬಂತೆ ಹೋಗುತ್ತಿತ್ತು. ಎಕ್ಸಲೇಟರ್ ತುಳಿದರೆ ಸಾಕು, ಕೆಲಸ ಹೇಳಿದ ಕೂಡಲೇ ಕೆಮ್ಮು ಬರಿಸಿಕೊಳ್ಳುವ ಸೋಮಾರಿಯ ಹಾಗೆ ಗುಕ್ ಗುಕ್ ಎಂದು ಮುಗ್ಗರಿಸುತ್ತಿತ್ತು. ಹಿಂದೆ ಪೇರಿಸಿದ್ದ ಟೊಮೇಟೊ ಬಾಕ್ಸುಗಳು ಒಂದಕ್ಕೊಂದು ಹಾಯುತ್ತಿದ್ದವು.

ಕೆಡುವುದಕ್ಕೆ ಇವತ್ತೇ ಆಗಬೇಕಿತ್ತೆ? ನರಸಾಪುರದ ಒಂದು ಕಂಪನಿಯ ಕ್ಯಾಂಟೀನಿಗೆ ದಿನಾ ತರಕಾರಿ ಹೊಡೆಯುವ ಬಾಡಿಗೆ, ವರ್ಷ ಪೂರ್ತಿ ಕಾಯಂ. ಇವತ್ತು ಹನ್ನೊಂದು ಗಂಟೆಯೊಳಗೆ ಮೊದಲ ಲೋಡು ಇಳಿಸಿದರೆ ಕೆಲಸ ನಿಮ್ಮದೇ ಎಂದು ಕ್ಯಾಂಟೀನ್ ಸೂಪರ್‌ವೈಸರ್ ಅಮರನಾಥ್ ಹೇಳಿದ್ದರು. ಮೂರು ವರ್ಷದಿಂದ ಕ್ರಾಸಿನಲ್ಲಿ ನಿಂತು ಸಿಕ್ಕ ಬಾಡಿಗೆಗೆ ಕೈಯೊಡ್ಡಿ ಸಾಕಾಗಿದ್ದ ಬಚ್ಚಪ್ಪ, ಇದೊಂದು ಕೈಗೂಡಲಿ ಅಂತ ಹೋದ ವಾರವಷ್ಟೇ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದಿದ್ದ. ತಲೆಯೂ ಮೀಸೆಯ ಜಾಗವೂ ಇನ್ನೂ ನುಣ್ಣಗಿದ್ದವು.

ಇಂಜಿನ್ನು ಹೀಗೆ ಬಿಟ್ಟು ಬಿಟ್ಟು ಉರಿಯುವುದಕ್ಕೆ ಡ್ರೈವರುಗಳು, ಮೆಕ್ಯಾನಿಕ್ಕುಗಳು 'ಮಿಸ್ಸಿಂಗ್' ಅನ್ನುತ್ತಾರೆ. ಬಚ್ಚಪ್ಪ ಗಾಡಿ ಪಕ್ಕಕ್ಕೆ ಹಾಕಿ, ಡ್ರೈವರುಗಳ ವಾಟ್ಸಾಪ್ ಗ್ರೂಪಿಗೆ ಬರೆದ: 'ಬೆಳಿಗ್ಗೆಯಿಂದ ನನ್ನ ಕ್ಯಾಂಟರ್ ಮಿಸ್ಸಿಂಗ್. ಯಾರಾದ್ರೂ ದಾರಿ ಹೇಳಿ.'

ಅವನ ಫೋನಿನಲ್ಲಿ ಇದ್ದದ್ದೇ ಎರಡು ಗ್ರೂಪು. ಒಂದು ಡ್ರೈವರುಗಳದು, ಇನ್ನೊಂದು ಊರಿನ ಹಾಲಿನ ಡೇರಿಯದು. ಎರಡಕ್ಕೂ ಒಂದೇ ವೆಂಕಟರಮಣನ ಫೋಟೋ. ಹೀಗಾಗಿ ಬಚ್ಚಪ್ಪನ ಮಾತು ಹೋಗಿ ಬಿದ್ದದ್ದು ಡೇರಿ ಗ್ರೂಪಿಗೆ. ಹಸು ಕಟ್ಟಿದವರಿಗೆ ಮಿಸ್ಸಿಂಗ್ ಅಂದರೆ ಒಂದೇ ಅರ್ಥ, ಕಾಣೆಯಾಗಿದೆ ಅಂತ. ಇದು ಗೊತ್ತಿಲ್ಲದ ಬಚ್ಚಪ್ಪ ಫೋನನ್ನು ಸೀಟಿನ ಕೆಳಗೆ ತುರುಕಿ ಹೊರಟ. ಗಾಡಿ ಓಡಿಸುವಾಗ ಫೋನ್ ಮುಟ್ಟುವುದಿಲ್ಲ ಅಂತ ಹೆಂಡತಿ ವೆಂಕಟಲಕ್ಷ್ಮಿ ಸ್ಟೇರಿಂಗ್ ಮೇಲೆ ಕೈಯಿಡಿಸಿ ಆಣೆ ಮಾಡಿಸಿಕೊಂಡಿದ್ದಳು.

ಮುಳಬಾಗಿಲಿನ ಮೆಕ್ಯಾನಿಕ್ ಮುನಿಶಾಮಿ ಬಾನೆಟ್ಟಿಗೆ ಕಿವಿ ಕೊಟ್ಟು ಕೇಳಿದ. ಅವನ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮದ್ದು.

"ನಿಂತಾಗ ಸರಿ ಅದೆ, ತುಳಿದ್ರೆ ಕೆಮ್ತದೆ. ಡೀಸೆಲ್ ಸಾಲ್ತಾ ಇಲ್ಲ. ಫಿಲ್ಟರ್ ಬದಲಾಯ್ಸೋಣ."

"ಹೋದ ತಿಂಗಳು ತಾನೆ ಹೊಸದು ಹಾಕಿದ್ದು ಅಣ್ಣ?"

"ಅದಕ್ಕೇ ಹೇಳಿದ್ದು. ಹೊಸ ಫಿಲ್ಟರ್ ನಂಬಬಾರ್ದು."

ಫಿಲ್ಟರ್ ಬದಲಾಯಿತು. ನಾಲ್ಕು ಕಿಲೋಮೀಟರ್ ಗಾಡಿ ಚೆನ್ನಾಗಿಯೇ ಓಡಿತು. ಐದನೆಯದಕ್ಕೆ ಮತ್ತೆ ಗುಕ್ ಅಂದಿತು. ಸೀಟಿನ ಕೆಳಗೆ ಫೋನು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅಮರನಾಥ್ ಬೈಯಲು ಮಾಡುತ್ತಿರಬೇಕು ಅಂದುಕೊಂಡು ಬಚ್ಚಪ್ಪ ಬೆವರಿದ.

ಫೋನ್ ಮಾಡುತ್ತಿದ್ದವನು ಪಕ್ಕದ ಮನೆ ಗಂಗುಲಪ್ಪ. ಊರಲ್ಲಿ ಯಾರಿಗೆ ಕಷ್ಟ ಬಂದರೂ ಕರೆಯದೆಯೇ ಬಂದು, ಕಷ್ಟವನ್ನು ಇನ್ನಷ್ಟು ದೊಡ್ಡದು ಮಾಡಿ ಹೋಗುವ ಪುಣ್ಯಾತ್ಮ. ಒಂಬತ್ತು ಸಲ ಮಾಡಿದರೂ ಬಚ್ಚಪ್ಪ ಎತ್ತದಿದ್ದಾಗ, ಪಾಪ, ದುಃಖಕ್ಕೆ ಮಾತೇ ಹೊರಡುತ್ತಿಲ್ಲ ಎಂದು ತೀರ್ಮಾನಿಸಿದ. ವೆಂಕಟಲಕ್ಷ್ಮಿಯನ್ನು ಕೇಳೋಣವೆಂದರೆ ಅವಳು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದಳು. ಸರಿ, ಆಯುಧಪೂಜೆಯ ದಿನ ತಲೆತುಂಬ ಕೂದಲಿದ್ದ ಬಚ್ಚಪ್ಪ ಕ್ಯಾಂಟರಿನ ಮುಂದೆ ಮೀಸೆ ತಿರುವಿ ನಿಂತಿದ್ದ ಫೋಟೋ ಹುಡುಕಿ, ನಂಬರ್ ಪ್ಲೇಟಿನ ಸಮೇತ, ಕೆಳಗೆ ತನ್ನ ಫೋನ್ ನಂಬರ್ ಬರೆದು ಊರೂರಿಗೆ ಕಳಿಸಿದ. ಅದು ಗಾಡಿಗಿಂತ ಜೋರಾಗಿ ಓಡಿತು.

ಕೋಲಾರ ಇನ್ನೂ ಸ್ವಲ್ಪ ದೂರ ಇರುವಾಗ, ರಸ್ತೆ ಬದಿಯ ಟೀ ಅಂಗಡಿಯ ನರೇಶ್ ಮತ್ತು ಟೀ ಕುಡಿಯುತ್ತಿದ್ದ ಏಳೆಂಟು ಜನ ಬೆಂಚನ್ನೇ ತಂದು ರಸ್ತೆಗೆ ಅಡ್ಡ ಇಟ್ಟರು.

"ಇಳಿಯೋ ಕೆಳಗೆ," ಅಂದ ನರೇಶ್. "ಕದ್ದ ಗಾಡೀನ ಮೆರವಣಿಗೆ ಥರ ನಿಧಾನಕ್ಕೆ ಹೊಡ್ಕೊಂಡು ಬರ್ತಿದೀಯಲ್ಲ, ಏನ್ ಧೈರ್ಯ ಇರ್ಬೇಕು ನಿಂಗೆ?"

"ಓಡಲ್ಲ ಸಾಮಿ. ಮಿಸ್ಸಿಂಗು."

"ಮಿಸ್ಸಿಂಗ್ ಅಂತ ನಮಗೂ ಗೊತ್ತು. ಅದಕ್ಕೇ ಹಿಡಿದಿರೋದು."

"ಅಯ್ಯೋ, ಇದು ನನ್ನದೇ ಗಾಡಿ. ನಾನೇ ಬಚ್ಚಪ್ಪ."

"ನೋಡ್ರಪ್ಪ, ಓನರ್ ಹೆಸರೂ ಬಾಯಿಪಾಠ ಮಾಡ್ಕೊಂಡಿದಾನೆ."

ಬಚ್ಚಪ್ಪ ಲೈಸೆನ್ಸ್ ತೆಗೆದು ತೋರಿಸಿದ. ಅದರಲ್ಲಿದ್ದವನಿಗೂ ತಲೆತುಂಬ ಕೂದಲು, ಹುರಿ ಮಾಡಿದ ಮೀಸೆ. ನರೇಶ್ ಫೋಟೋ ನೋಡಿದ, ಬೋಳು ತಲೆ ನೋಡಿದ, ಲೈಸೆನ್ಸನ್ನು ಜೇಬಿಗೆ ಹಾಕಿಕೊಂಡು ಗಂಗುಲಪ್ಪನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಇಟ್ಟ.

"ನಮ್ಮ ಬಚ್ಚಪ್ಪನೂ ಈಗ ಬೋಳೇ," ಗಂಗುಲಪ್ಪ ಯೋಚಿಸಿ ಹೇಳಿದ. "ಆದ್ರೆ ಈ ಸೀಮೇಲಿ ತಿರುಪತಿಗೆ ಹೋಗ್ಬಂದ ಬೋಳು ಊರಿಗೆ ಹತ್ತು. ತಲೆ ನಂಬಬೇಡಿ. ನಾನೊಂದು ಗುರುತು ಹೇಳ್ತೀನಿ. ನಿನ್ನೆ ಸಂಜೆ ಡೀಸೆಲ್ ತುಳುಕ್ತಾ ಇತ್ತು ಅಂತ, ಅವನಿಗೂ ಹೇಳ್ದೆ ನಾನೇ ನನ್ನ ಕೈಯಾರೆ ಟ್ಯಾಂಕಿನ ಬಾಯಿಗೆ ಹಾಲಿನ ಕವರ್ ಬಿಗಿದು, ಮೇಲೆ ಮುಚ್ಚಳ ಹಾಕಿದೀನಿ. ತೆಗೆದು ನೋಡಿ."

ನರೇಶ್ ಟ್ಯಾಂಕಿನ ಮುಚ್ಚಳ ತಿರುಗಿಸಿ ಕವರು ಕಿತ್ತ. ಪುಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು, ಅರ್ಧ ಗಂಟೆ ನೀರಲ್ಲಿ ಮುಳುಗಿದ್ದವನು ತಲೆ ಎತ್ತಿದ ಹಾಗೆ.

ಆ ಸದ್ದು ಕೇಳಿ ಬಚ್ಚಪ್ಪನಿಗೆ ಎಲ್ಲ ತಿಳಿಯಿತು. ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ತೂತು ಇರುತ್ತದೆ. ಕವರು ಅದನ್ನು ಮುಚ್ಚಿತ್ತು. ಗಾಳಿ ಒಳಗೆ ಹೋಗದೆ ಡೀಸೆಲ್ ಹೊರಗೆ ಬರುವುದಿಲ್ಲ. ನಿಧಾನಕ್ಕೆ ಹೋದರೆ ಹೇಗೋ ಸಾಲುತ್ತಿತ್ತು, ತುಳಿದರೆ ಸಾಲುತ್ತಿರಲಿಲ್ಲ. ಫಿಲ್ಟರ್ ಬಿಚ್ಚಿದಾಗ ಪೈಪಿನಿಂದ ಹೊಕ್ಕ ಗಾಳಿ ನಾಲ್ಕು ಕಿಲೋಮೀಟರಿಗೆ ಸಾಕಾಗಿತ್ತು. ಕಾಯಿಲೆ ಇದ್ದದ್ದು ಇಂಜಿನ್ನಿಗಲ್ಲ, ಪಕ್ಕದ ಮನೆಗೆ.

"ಕವರ್ ಅದೆ," ನರೇಶ್ ಗೆದ್ದವನಂತೆ ಹೇಳಿದ. "ಅದೇ ಗಾಡಿ ಅನ್ನೋದು ಗ್ಯಾರಂಟಿ ಆಯ್ತು. ಅಂದ್ಮೇಲೆ ಇವನು ಕಳ್ಳ ಅನ್ನೋದೂ ಗ್ಯಾರಂಟಿ."

ಬಚ್ಚಪ್ಪನ ತಾಳ್ಮೆ ಮುಗಿಯಿತು. ಫೋನಿನ ಹತ್ತಿರ ಬಾಗಿ ಮೆಲ್ಲಗೆ ಕೇಳಿದ: "ಲೇ ಗಂಗುಲಪ್ಪಾ, ದಿನಾ ಬೆಳಿಗ್ಗೆ ಡೇರಿಗೆ ಹೋಗೋ ಮುಂಚೆ ಹಾಲಿನ ಕ್ಯಾನ್ ಇಟ್ಕೊಂಡು ನಮ್ಮನೆ ನಲ್ಲಿ ಹತ್ರ ಏನ್ ಮಾಡ್ತೀಯ ಅಂತ ಇವ್ರಿಗೆ ಹೇಳ್ಲಾ?"

"ಅವನೇ ಕಣ್ರಪ್ಪ," ಅಂದ ಗಂಗುಲಪ್ಪ. "ಪಾಪ, ಬಿಟ್ಬಿಡಿ."

ಬಿಟ್ಟರು. ಲೈಸೆನ್ಸಿನ ಜೊತೆ ಒಂದು ಟೀಯನ್ನೂ ಕೊಟ್ಟರು. ಗಂಟೆ ಹತ್ತಾಗಿತ್ತು. ಬಚ್ಚಪ್ಪ ಕವರನ್ನು ಅಲ್ಲೇ ಬಿಸಾಕಿ, ಬರೀ ಮುಚ್ಚಳ ಹಾಕಿ, ಎಕ್ಸಲೇಟರ್ ತುಳಿದು ನೋಡಿದ. ಇಂಜಿನ್ನು ಒಂದೇ ರಾಗದಲ್ಲಿ ಗುಂಯ್ ಅಂದಿತು. ಅವನ ಎದೆ ತುಂಬಿ ಬಂತು. ಅಮರನಾಥರಿಗೆ ಫೋನ್ ಮಾಡಿದರೆ ಅವರು ಎತ್ತಲಿಲ್ಲ. ಸಂತೋಷವನ್ನೆಲ್ಲ ಕೂಡಿಸಿ ಒಂದು ಮೆಸೇಜು ಹಾಕಿದ. ಈ ಸಲ ಎರಡು ಬಾರಿ ಹೆಸರು ನೋಡಿ, ಸರಿಯಾದವರಿಗೇ ಕಳಿಸಿದ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಕ್ಯಾಂಟರ್ ಕಂಪನಿ ಗೇಟಿಗೆ ಬಂದು ನಿಂತಿತು. ಒಳಗೆ ಲಕ್ಕೂರಿನ ಕದಿರೇಶನ ಕ್ಯಾಂಟರಿನಿಂದ ಬೀನ್ಸು, ಟೊಮೇಟೊ ಇಳಿಯುತ್ತಿದ್ದವು. ಅಮರನಾಥ್ ಹೊರಗೆ ಬಂದವರು ಬಚ್ಚಪ್ಪನನ್ನೂ ಗಾಡಿಯನ್ನೂ ಬೆರಗಾಗಿ ನೋಡಿದರು.

"ಏನ್ರಿ ಇದು? ಕ್ಯಾಂಟರಲ್ಲೇ ಬಂದಿದೀರಲ್ಲ?"

"ಮತ್ತೆ ಯಾವುದ್ರಲ್ಲಿ ಬರ್ಲಿ ಸಾರ್?"

"ಬೆಳಿಗ್ಗೆ ನಿಮ್ಮೂರಿನ ಗಂಗುಲಪ್ಪ ಅನ್ನೋರು ಹೇಗೋ ಕಂಪನಿ ನಂಬರ್ ಹುಡುಕಿ ಫೋನ್ ಮಾಡಿ, ಬಚ್ಚಪ್ಪನ ಕ್ಯಾಂಟರ್ ಮಿಸ್ಸಿಂಗ್ ಆಗಿದೆ, ದಯವಿಟ್ಟು ಸ್ವಲ್ಪ ಕಾಯಿರಿ ಅಂದ್ರು. ಒಳ್ಳೇ ಮನುಷ್ಯ. ನಾನೂ ಕಾದೆ. ಆಮೇಲೆ ನೀವೇ ಮೆಸೇಜ್ ಹಾಕಿದ್ರಲ್ಲ?" ಅಮರನಾಥ್ ಫೋನ್ ತೆಗೆದು ಓದಿದರು: "'ಸಾರ್, ಮಿಸ್ಸಿಂಗ್ ಹೋಯ್ತು. ಪಿಕಪ್ ಬಂತು. ಹನ್ನೊಂದಕ್ಕೆ ಬರ್ತೀನಿ.'"

"ಹೌದು ಸಾರ್. ಮಿಸ್ಸಿಂಗ್ ಹೋಯ್ತು, ಪಿಕಪ್ ಬಂತು. ಈಗ ತುಳಿದ್ರೆ ಬಾಣದ ಥರ ಹೋಗ್ತದೆ."

ಅಮರನಾಥ್ ಫೋನನ್ನು ಜೇಬಿಗೆ ಇಳಿಸಿದರು. "ನಾನು, ಮಿಸ್ಸಿಂಗ್ ಆಗಿದ್ದ ಕ್ಯಾಂಟರ್ ಹೋಗೇ ಹೋಯ್ತು, ಯಾವುದೋ ಪಿಕಪ್ ಗಾಡಿ ತಗೊಂಡ್ ಬರ್ತಿದೀರ ಅಂದ್ಕೊಂಡೆ ಕಣ್ರಿ. ನಮ್ಮ ಲೋಡು ಪಿಕಪ್ಪಲ್ಲಿ ಹಿಡಿಯಲ್ಲ. ಕದಿರೇಶ್ ಬೆಳಿಗ್ಗೆಯಿಂದ ಗೇಟಲ್ಲೇ ಕಾಯ್ತಿದ್ರು. ಈಗ ತಾನೆ ವರ್ಷಕ್ಕೆ ಸೈನ್ ಹಾಕಿಸ್ಕೊಂಡೆ. ಬೇಜಾರ್ ಮಾಡ್ಕೋಬೇಡಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಬಚ್ಚಪ್ಪನಿಗೆ ಅಳುವೇ ಬಂತು, ಆದರೆ ಸೆಕ್ಯೂರಿಟಿಯವನು ನೋಡುತ್ತಿದ್ದನೆಂದು ತಡೆದುಕೊಂಡ. ವಾಪಸ್ ಬರುವಾಗ ಕೋಲಾರದ ಮಾರ್ಕೆಟ್ಟಿನಲ್ಲಿ ಟೊಮೇಟೊ ಸಿಕ್ಕಿದ ಬೆಲೆಗೆ ಇಳಿಸಿದ. ಖಾಲಿ ಗಾಡಿ ಹುಟ್ಟಿದಾಗಿನಿಂದ ಓಡದಷ್ಟು ಚೆನ್ನಾಗಿ ಓಡಿತು. ಅದೇ ಅವನ ಹೊಟ್ಟೆ ಉರಿಸಿತು.

ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿ, ಒಳಗೆ ಹೋಗಿ, ವೆಂಕಟಲಕ್ಷ್ಮಿ ಇಟ್ಟ ಮುದ್ದೆ ಉಂಡು ಹೊರಗೆ ಬಂದ. ಟ್ಯಾಂಕಿನ ಹತ್ತಿರ ಗಂಗುಲಪ್ಪ ಕೈ ಒರೆಸಿಕೊಳ್ಳುತ್ತ ನಿಂತಿದ್ದ.

"ಬೇಜಾರ್ ಮಾಡ್ಕೋಬೇಡ ಕಣೋ," ಅಂದ ಅಕ್ಕರೆಯಿಂದ. "ನೋಡಿದ್ಯಾ, ಇವತ್ತು ಆ ಕವರ್ ಇದ್ದಿದ್ಕೇ ಗಾಡಿ ಸಿಕ್ತು. ಯಾರೋ ಕಿತ್ತಾಕ್ಬಿಟ್ಟಿದಾರೆ. ಈ ಸಲ ಎರಡು ಕವರ್ ಬಿಗಿದಿದೀನಿ."

ಬಚ್ಚಪ್ಪ ಜಗಲಿಯ ಮೇಲೆ ಕೂತು ಫೋನ್ ತೆಗೆದ. ಇವನ ಬಂಡವಾಳ ಇಡೀ ಡೇರಿಗೆ ತಿಳಿಯಲಿ ಎಂದು ವೆಂಕಟರಮಣನ ಫೋಟೋ ಒತ್ತಿ, ಒಂದೊಂದೇ ಅಕ್ಷರ ಕೂಡಿಸಿ ಬರೆದ: 'ಗಂಗುಲಪ್ಪನ ಹಾಲಿನಲ್ಲಿ ಹಾಲೇ ಮಿಸ್ಸಿಂಗ್.'

ಕಳಿಸಿ, ಇಡೀ ದಿನದಲ್ಲಿ ಮೊದಲ ಸಲ ನೆಮ್ಮದಿಯಿಂದ ಕಾಲು ಚಾಚಿದ. ಅರ್ಧ ನಿಮಿಷಕ್ಕೆ ಫೋನು ಟಣ್ ಅಂದಿತು. ಉತ್ತರ ಬಂದದ್ದು ಡ್ರೈವರುಗಳ ಗ್ರೂಪಿನಿಂದ. ಬರೆದವನು ಮುಳಬಾಗಿಲಿನ ಮುನಿಶಾಮಿ.

'ಫಿಲ್ಟರ್ ಬದಲಾಯ್ಸು.'