ರೇಸಿಗೆ ಹೋದ ಮದುವೆ ಕುದುರೆ

ನನ್ನ ಸೋದರಮಾವನಂಥ ದೊಡ್ಡ ಮನುಷ್ಯ ಸಿಂಧನೂರು ತಾಲೂಕಿನಲ್ಲಿ ಇನ್ನೊಬ್ಬನಿಲ್ಲ. ನೀವು ನಂಬುವುದಿಲ್ಲ, ಗೊತ್ತು. ಆದರೆ ಕಾರ್ಟೂನು ನೋಡಿ ಊರಿನ ಕುದುರೆ ರೇಸಿಗೆ ಹೆಸರು ಕೊಟ್ಟವರನ್ನು ನೀವು ಎಲ್ಲಾದರೂ ಕಂಡಿದ್ದೀರಾ?

ಅವನ ಮೊಮ್ಮಗಳ ಮೊಬೈಲಿನಲ್ಲಿ ಯಾವುದೋ ಹಳೆಯ ಕಾರ್ಟೂನು. ಕಾಲಿಗೆ ಕಾಲು ತೊಡರಿಸಿಕೊಳ್ಳುವ ಬಡಕಲು ಕುದುರೆಯೊಂದು ಕೊನೆಗೆ ರೇಸು ಗೆಲ್ಲುತ್ತದೆ. ಮಾವ ಅದನ್ನು ಏಳು ಸಲ ನೋಡಿದ. ಅತ್ತೆ ಮೂರೇ ಸಲ ಅನ್ನುತ್ತಾಳೆ. ನನ್ನ ನೆನಪೂ ಅರ್ಧ ಕಾರ್ಟೂನೇ, ಹಾಗಾಗಿ ಜಗಳವಾಡುವುದಿಲ್ಲ.

"ಅಳಿಯಾ, ನಮ್ಮ ರಾಜಾನೂ ಹಿಂಗೇ ಐತಲ್ಲ?" ಎಂದ.

ರಾಜಾ ಅವನ ಬಿಳಿ ಕುದುರೆ. ತುರ್ವಿಹಾಳದ ಅರ್ಧ ಊರಿನ ಮದುಮಕ್ಕಳನ್ನು ಹೊತ್ತು ಬ್ಯಾಂಡಿನ ಹಿಂದೆ ಮೆರವಣಿಗೆ ಹೋದದ್ದು. ಈಗಿನ ಮದುಮಕ್ಕಳಿಗೆ ಕಾರು ಬೇಕು. ಸುಮ್ಮನೆ ಮೇಯುವ ಕುದುರೆಯನ್ನು ಲಿಂಗಸುಗೂರಿನ ತನ್ನ ತಮ್ಮನಿಗೆ ಕೊಟ್ಟುಬಿಡುವುದೆಂದು ಅತ್ತೆ ತೀರ್ಮಾನಿಸಿದ್ದಳು.

"ರೇಸ್ನಾಗ ಗೆದ್ರ ಇಲ್ಲೇ ಇರ್ತೈತಿ," ಎಂದ ಮಾವ.

"ಸೋತ್ರ?"

"ನಿನ್ನ ತಮ್ಮ ಬಂದು ಹೊಡ್ಕೊಂಡು ಹೋಗ್ಲಿ."

"ಆತ್ರಿ. ಅಂವಗ ಈಗ್ಲೇ ಫೋನ್ ಮಾಡ್ತೀನಿ, ಹಗ್ಗ ತಗೊಂಡು ಬಾ ಅಂತ."

ಮರುದಿನ ಕಾಲುವೆ ರಸ್ತೆಯಲ್ಲಿ ತಾಲೀಮು. ರಾಜಾ ಒಂದು ಹೆಜ್ಜೆ ಕಿತ್ತಿಡಲಿಲ್ಲ. ನಾನು ನಕ್ಕೆ. ಮಾವ ನಗಲಿಲ್ಲ.

"ಮುಂದ ಬ್ಯಾಂಡ್ ಇಲ್ಲ, ಅದು ಯಾಕ ನಡೀತೈತಿ? ತಪ್ಪು ನಮ್ದು."

ರೇಸಿನ ದಿನ ಬ್ಯಾಂಡಿನ ಇಬ್ಬರನ್ನು ಆಟೋದಲ್ಲಿ ಕೂರಿಸಿ ಮುಂದೆ ಬಿಟ್ಟ, ತಾನು ರಾಜಾನ ಮೇಲೇರಿದ. ಏನು ಓಟ ಅದು! ಆಟೋ ಜೋರಾದಷ್ಟೂ ರಾಜಾ ಜೋರು. ಮಸ್ಕಿಯಿಂದ ಬಂದಿದ್ದ ಪಳಗಿದ ಓಟದ ಕುದುರೆಗಳೆಲ್ಲ ಧೂಳಿನಲ್ಲಿ. ಮಾವನ ರುಮಾಲು ಗಾಳಿಯಲ್ಲಿ ಹಾರಿ ಕಾಲುವೆಗೆ ಬಿದ್ದದ್ದನ್ನೂ ಕಂಡೆ, ಅಥವಾ ಕಂಡೆನೆಂದು ಈಗ ಅನಿಸುತ್ತಿದೆ.

ಅಷ್ಟರಲ್ಲಿ ಭತ್ತ ತುಂಬಿದ ಟ್ರ್ಯಾಕ್ಟರೊಂದು ಅಡ್ಡ ಬಂತು. ಆಟೋ ಗದ್ದೆಗಿಳಿಯಿತು. ಬಾಜಾ ನಿಂತಿತು. ರಾಜಾ ಕೂಡ ನಿಂತಿತು. ಬಾಜಾ ನಿಂತರೆ ಮದುವೆ ಮನೆ ಬಂತೆಂದು ಅದರ ಲೆಕ್ಕ. ಅಲ್ಲಿ ಹೆಣ್ಣುಮಕ್ಕಳು ಕಾಲಿಗೆ ಒಂದು ಕೊಡ ನೀರು ಹಾಕುವವರೆಗೆ ಕದಲುವಂತಿಲ್ಲ. ತಲೆ ತಗ್ಗಿಸಿ ನೀರಿಗಾಗಿ ಕಾಯತೊಡಗಿತು. ಉಳಿದ ಕುದುರೆಗಳು ಒಂದೊಂದಾಗಿ ದಾಟಿ ಹೋದವು.

ಮಾವ ಕೆಳಗಿಳಿದ. ಧೋತರ ಮೇಲೆ ಕಟ್ಟಿ, ಚಪ್ಪಲಿ ಎಸೆದು, ಕುದುರೆಯ ಮುಂದೆ ನಿಂತು ಬಾಯಲ್ಲೇ ಬ್ಯಾಂಡು ಬಾರಿಸುತ್ತ ಓಡಿದ. ಅರವತ್ತು ದಾಟಿದ ಮನುಷ್ಯ! ರಾಜಾ ಮೆರವಣಿಗೆಯ ಹೆಜ್ಜೆ ಹಾಕುತ್ತ ಹಿಂದೆ ನಡೆಯಿತು.

"ಮದುಮಗ ಎಲ್ಲ್ಯಾನಪೋ?" ಯಾರೋ ಕೂಗಿದರು.

"ಮುಂದ ಓಡಾಕತ್ತಾನ, ಕಾಣವಲ್ದೇನು?" ಎಂದ ಮಾವ, ಏದುಸಿರಿನಲ್ಲೇ.

ರೇಸು ಮುಗಿಯುವ ಊರಬಾಗಿಲು, ಅಗಸಿ, ಮುಟ್ಟಿದಾಗ ಅವರೇ ಕೊನೆಯವರು. ಅಲ್ಲಿ ಅತ್ತೆಯ ತಮ್ಮ ಹೊಸ ಹಗ್ಗ ಹಿಡಿದು ನಿಂತಿದ್ದ. ಮಾವ ಅವನ ಮುಖ ನೋಡದೆ ಕುದುರೆಯ ಕುತ್ತಿಗೆ ಸವರತೊಡಗಿದ.

ಅತ್ತೆ ಮನೆಯಿಂದ ಕೊಡ ತಂದಳು. ರಾಜಾನ ಕಾಲಿಗೆ ನೀರು ಹಾಕಿದಳು. ಉಳಿದದ್ದನ್ನು ಮಾವನ ಒಡೆದ ಪಾದಗಳ ಮೇಲೆ ನಿಧಾನಕ್ಕೆ ಸುರಿದಳು.

"ಉಂಡು ಹೋಗೋ ತಮ್ಮಾ," ಎಂದಳು. "ಹಗ್ಗ ಇಲ್ಲೇ ಇಟ್ಟು ಹೋಗು. ನಮ್ ಕುದುರಿ ಹಗ್ಗ ಹಳೇದಾಗೈತಿ."