ಹೆಜ್ಜೆಜಾಣ ಹುಡುಕಿದ ಮೈದಾನ

ಕೆಂಚಾಪುರದ ಪುರಸಭೆ ಮೈದಾನದಲ್ಲಿ ಅಂದು ಬೆಳಿಗ್ಗೆ ಶಾಮಿಯಾನ ಎದ್ದಿತ್ತು, ಮೈಕು ಕಿರುಚುತ್ತಿತ್ತು, ಅಧ್ಯಕ್ಷ ಓಂಕಾರಪ್ಪನವರ ಕೊರಳಿಗೆ ಬೀಳಬೇಕಾದ ಹಾರ ತಟ್ಟೆಯಲ್ಲಿ ಬಾಡುತ್ತಿತ್ತು. ನಡುವೆ ಟಾರ್ಪಾಲಿನ ಕೆಳಗೆ ಎಮ್ಮೆ ಗಾತ್ರದ್ದೇನೋ ಅಡಗಿ ಕೂತಿತ್ತು. ಅದರ ಪಕ್ಕದಲ್ಲಿ ತಿಪ್ಪೇಶ ಇಸ್ತ್ರಿ ಅಂಗಿ ತೊಟ್ಟು ಮದುಮಗನ ಹಾಗೆ ನಿಂತಿದ್ದ.

ತಿಪ್ಪೇಶನ ಅಕ್ಕ ಹಾಲಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನ ಡ್ರಿಲ್ ಟೀಚರ್. ತಮ್ಮನ ಯಂತ್ರ ಕೆಡಲಿ ಎಂದು ಹರಕೆ ಹೊತ್ತು ಬಂದು ಬಿಸಿಲಲ್ಲಿ ನಿಂತಿದ್ದಳು. ಹಾಗೆ ಹರಕೆ ಹೊತ್ತವಳು ಊರಲ್ಲಿ ಅವಳೊಬ್ಬಳೇ. ಉಳಿದವರಿಗೆ ಅದರ ಅಗತ್ಯ ಕಂಡಿರಲಿಲ್ಲ. ತಿಪ್ಪೇಶನ ಯಂತ್ರ ಕೆಟ್ಟೇ ಕೆಡುತ್ತದೆಂಬ ನಂಬಿಕೆಯಿಂದಲೇ ಅವರು ನೋಡಲು ಬಂದಿದ್ದರು. ಅವನ ರೊಟ್ಟಿ ಬಡಿಯುವ ಯಂತ್ರ ರೊಟ್ಟಿಯ ಜೊತೆಗೆ ಅತ್ತೆಯನ್ನೂ ಬಡಿದಿತ್ತು. ಸೊಳ್ಳೆ ಓಡಿಸುವ ಯಂತ್ರ ಶುರುವಾದ ಮೇಲೆ ಪಕ್ಕದ ತಾಲ್ಲೂಕಿನ ಸೊಳ್ಳೆಗಳೂ ಕೆಂಚಾಪುರಕ್ಕೆ ವಲಸೆ ಬಂದಿದ್ದವು.

ಓಂಕಾರಪ್ಪನವರಿಗೆ ಈ ಮೈದಾನದಲ್ಲಿ ಬಹುಮಹಡಿ ಕ್ರೀಡಾ ಸಂಕೀರ್ಣ ಕಟ್ಟಿಸುವ ಆಸೆ. ಕೆಳಗೆ ಅಂಗಡಿ ಮಳಿಗೆ, ಮೇಲೆ ಕಲ್ಯಾಣಮಂಟಪ, ಅದರ ಮೇಲೆ ಲಾಡ್ಜು. ಕ್ರೀಡೆಗೆಂದು ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಒಂದು ಕೇರಂ ಬೋರ್ಡು. ಇದಕ್ಕೆ ಮೇಲಿನವರು ಒಪ್ಪಬೇಕಾದರೆ ಮೈದಾನದಲ್ಲಿ ಯಾರೂ ಆಡುವುದಿಲ್ಲ ಎಂಬುದು ಸಾಬೀತಾಗಬೇಕಿತ್ತು. ಆ ಮಾತನ್ನು ಮನುಷ್ಯರು ಹೇಳಿದರೆ ರಾಜಕೀಯ, ಯಂತ್ರ ಹೇಳಿದರೆ ವಿಜ್ಞಾನ.

ಮೈದಾನದ ಒಂದು ಮೂಲೆಯಲ್ಲಿ ಹಾಲಮ್ಮನ ಹುಡುಗಿಯರು ಖೋ ಖೋ ಆಡುತ್ತಿದ್ದರು. ಜಿಲ್ಲಾ ಪಂದ್ಯ ಹತ್ತಿರ ಬಂದಿತ್ತು. ಊರಲ್ಲಿ ಅವರಿಗೆ ಬೇರೆ ಜಾಗವಿರಲಿಲ್ಲ. ಮನೆಯಿಂದ ಹೊರಡುವಾಗಲೇ ಅಕ್ಕ ತಮ್ಮನಿಗೆ ಜಟಾಪಟಿಯಾಗಿತ್ತು.

"ಲೋ, ಹೋಗಿ ಹೋಗಿ ಅಕ್ಕನ ಬುಡಕ್ಕೇ ಕೊಡಲಿ ಹಾಕ್ತೀಯಲ್ಲೋ."

"ಯಂತ್ರಕ್ಕೆ ಅಕ್ಕ ಭಾವ ಅನ್ನೋ ದಾಕ್ಷಿಣ್ಯ ಇರಲ್ಲ ಕಣಕ್ಕ. ಆಡಿದ ನೆಲ ಎಲ್ಲೈತೋ ಅಲ್ಲಿ ಗೆರೆ ಹಾಕುತ್ತೆ. ನಿನ್ನ ಹುಡುಗೀರು ಆಡಿದ್ದು ನಿಜ ಆದ್ರೆ ನಿನಗೂ ಗೆರೆ ಬೀಳುತ್ತೆ."

"ನಿಜ ಆದ್ರೆ? ಹಂಗಾದ್ರೆ ನಾನೇನು ಸುಳ್ಳು ಹೇಳ್ತಿದೀನಾ?"

"ಅದನ್ನ ಹೆಜ್ಜೆಜಾಣ ಹೇಳ್ತಾನೆ ಬಿಡು."

ಹೆಜ್ಜೆಜಾಣ ಎಂಬುದು ಆ ಯಂತ್ರದ ನಾಮಧೇಯ. ಟಾರ್ಪಾಲು ಸರಿದಾಗ ಜನ ಹಿಂದಕ್ಕೆ ಸರಿದರು. ಹಿಂಭಾಗದಲ್ಲಿ ಹಳೆಯ ರೋಡ್ ರೋಲರಿನ ಗಾಲಿ, ಮುಂಭಾಗದಲ್ಲಿ ನೆಲಕ್ಕೆ ಬಾಗಿದ ಎರಡು ಹಿತ್ತಾಳೆಯ ಕಿವಿ, ಹೊಟ್ಟೆಯಲ್ಲಿ ಸುಣ್ಣದ ಪುಡಿ, ಬೆನ್ನ ಮೇಲೆ ಕೊರೆಯುವ ಭೈರಿಗೆ ಮತ್ತು ಒಂದು ಹೊರೆ ಮರದ ಕಂಬ.

ತಿಪ್ಪೇಶ ಮೈಕು ಹಿಡಿದ. "ಓಡೋ ಕಾಲು ಬಿದ್ದ ನೆಲ ಒಳಗಿಂದೊಳಗೆ ಗಟ್ಟಿ ಆಗುತ್ತೆ. ವರ್ಷ ಎಷ್ಟೇ ಆದ್ರೂ ಆ ಗಟ್ಟಿ ಹೋಗಲ್ಲ. ಹೆಜ್ಜೆಜಾಣ ನೆಲಕ್ಕೆ ಕಿವಿಗೊಟ್ಟು ಅಲ್ಲಿ ಯಾವ ಆಟ ನಡೀತಿತ್ತು ಅಂತ ತಿಳ್ಕೊಂಡು ಗೆರೆ ಹಾಕ್ತಾನೆ, ಕಂಬ ನೆಡ್ತಾನೆ, ಸೀಟಿ ಊದಿ ಆಟಾನೂ ಶುರು ಮಾಡಿಸ್ತಾನೆ. ಅಸಲಿ ಆಟದ ನೆಲ ಸಿಗೋ ತನಕ ನಿಲ್ಲೋ ಮಾತೇ ಇಲ್ಲ."

"ನಾವೇ ನಿಲ್ಲಿಸಬೇಕಂದ್ರೆ?" ಅಂದರು ಓಂಕಾರಪ್ಪ.

"ನಿಲ್ಲಿಸೋ ಗುಂಡಿ ಇಟ್ಟಿಲ್ಲ ಸಾರ್. ಹಿಂದಿನ ಯಂತ್ರಕ್ಕೆಲ್ಲ ಇಟ್ಟಿದ್ದೆ. ಜನ ಅದನ್ನೊಂದೇ ಉಪಯೋಗಿಸಿದ್ರು."

ಹೆಜ್ಜೆಜಾಣ ಗುರುಗುಟ್ಟುತ್ತ ಹೊರಟ. ಮೈದಾನದ ನಡುವೆ ಸಾಲು ಸಾಲು ಚೌಕ ಹಾಕಿದ. ಅವು ಯಾವ ಆಟದವೆಂದು ಜನ ತಲೆ ಕೆರೆದುಕೊಳ್ಳುವಷ್ಟರಲ್ಲಿ ದಿನಾ ಅಲ್ಲೇ ತಂಗುವ ಖಾಸಗಿ ಬಸ್ಸೊಂದು ಒಳಗೆ ಬಂದು ಒಂದು ಚೌಕದಲ್ಲಿ ಅಳತೆಗೆ ಸರಿಯಾಗಿ ನಿಂತಿತು. ಅರಳಿಮರದ ಕೆಳಗೆ ದುಂಡನೆಯ ಗೆರೆ ಬಿತ್ತು. ಇಸ್ಪೀಟಿನ ಗುಂಪು ಕುಂಡೆ ಒಂದಿಷ್ಟೂ ಸರಿಸದೆ ಅದರೊಳಗೇ ಇತ್ತು. ಆಮೇಲೆ ಯಂತ್ರ ಕಾಂಪೌಂಡಿನ ಗೋಡೆಗೆ ಮೊಳ ದೂರದಲ್ಲಿ ಉದ್ದಕ್ಕೆ ಒಂದು ನೇರ ಗೆರೆ ಎಳೆಯಿತು.

"ಇದು ಓಟದ ಗೆರೇನಾ?" ಎಂದು ಮುಖ್ಯ ಅತಿಥಿಗಳು ಕೇಳಿದರು.

"ಗೋಡೆ ಕಡೆ ಮುಖ ಮಾಡಿ ಯಾರು ಓಡ್ತಾರೆ ಸಾರ್," ಅಂದ ತಿಪ್ಪೇಶ. "ಇಲ್ಲಿ ಗಂಡಸರು ನಿಲ್ತಾರೆ." ಅತಿಥಿಗಳು ಮೂಗಿಗೆ ಕರವಸ್ತ್ರ ಹಿಡಿದು ಹೆಚ್ಚಿನ ವಿವರ ಕೇಳಲಿಲ್ಲ.

ಹಾಲಮ್ಮನ ಮೂಲೆಗೆ ಬಂದಾಗ ಹೆಜ್ಜೆಜಾಣ ತಡೆದು ನಿಂತ. ಒಂದು ಖೋ ಖೋ ಚೌಕ ಹಾಕಿದ. ಹಾಲಮ್ಮ ಎರಡು ಹೆಜ್ಜೆ ಮುಂದೆ ಬಂದಳು. ಇನ್ನೊಂದು ಹಾಕಿದ. ಆಮೇಲೆ ಬಸ್ಸಿನ ಗಾಲಿಗಳ ಸದ್ದೇ ನೆಲದಲ್ಲಿ ಜಾಸ್ತಿ ಕೇಳಿಸಿತೋ ಏನೋ, ಎರಡರ ಮೇಲೂ ಬಸ್ಸಿನ ಚೌಕ ಎಳೆದು ಮುಂದೆ ಹೋದ.

"ನೋಡಿದ್ರೇನು ಟೀಚರ್ರೆ?" ಓಂಕಾರಪ್ಪನವರು ಮೈಕಿನಲ್ಲೇ ಕೇಳಿದರು. "ನಾನು ಹೇಳಿದ್ದಲ್ಲ ಇದು, ವಿಜ್ಞಾನ ಹೇಳಿದ್ದು." ಅವರು ತಾವೇ ಹಾರ ಎತ್ತಿ ಕೊರಳಿಗೆ ಹಾಕಿಕೊಂಡರು.

ಹಾಲಮ್ಮನಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ತಮ್ಮನನ್ನು ಹುಡುಕಿ ತಲೆಗೆ ಒಂದು ಮೊಟಕಲೆಂದು ತಿರುಗಿದರೆ ಅವನು ಗೇಟಿನ ಕಡೆ ಓಡುತ್ತಿದ್ದ. ಅವನ ಮುಂದೆ ಹೆಜ್ಜೆಜಾಣ ಓಡುತ್ತಿದ್ದ. ಅಸಲಿ ಆಟದ ನೆಲ ಸಿಕ್ಕಿರಲಿಲ್ಲವಲ್ಲ, ಹಾಗಾಗಿ ನಿಂತಿರಲಿಲ್ಲ.

ಊರಿಗೆ ಊರೇ ಹಿಂದೆ ಹೊರಟಿತು. ಬ್ಯಾಂಕಿನ ಬೀದಿಯಲ್ಲಿ ಮಕ್ಕಳು ಕ್ರಿಕೆಟ್ ಆಡುತ್ತಿದ್ದ ಜಾಗ ಅದಕ್ಕೆ ಕೇಳಿಸಿತು. ನಡುರಸ್ತೆಯಲ್ಲಿ ಮೂರು ಸ್ಟಂಪು ನೆಟ್ಟು ಸೀಟಿ ಊದಿತು. ಹಾಲಿನ ವ್ಯಾನಿನವನು ಬ್ರೇಕು ಹಾಕಿದರೂ ಸ್ಟಂಪಿಗೆ ತಗುಲಿಸಿದ, ಅಲ್ಲಿದ್ದವರೆಲ್ಲ ಒಕ್ಕೊರಲಿನಿಂದ ಅವನು ಔಟೆಂದು ತೀರ್ಪು ಕೊಟ್ಟರು. ಪೇಟೆಯ ತೆರೆದ ಚರಂಡಿಯ ಮುಂದೆ ಉದ್ದಜಿಗಿತದ ಗೆರೆ ಬಿತ್ತು. ಪುರಸಭೆ ಹಲಗೆ ಹಾಕಿಸುತ್ತೇನೆಂದು ಹೇಳುತ್ತಲೇ ಇತ್ತು, ಅಷ್ಟರಲ್ಲಿ ಊರಿನ ಮುದುಕಿಯರೆಲ್ಲ ಆ ಚರಂಡಿ ಜಿಗಿದು ಜಿಗಿದು ಒಳ್ಳೆಯ ಪಟುಗಳಾಗಿದ್ದರು.

ಕಚೇರಿಯೊಂದರ ಪಡಸಾಲೆಯಲ್ಲಿ ಯಂತ್ರ ರಿಲೇ ಓಟದ ಪಟ್ಟಿಗಳನ್ನು ಎಳೆಯಿತು. ಪಿಂಚಣಿಗೆ ಅಲೆಯುತ್ತಿದ್ದ ಒಬ್ಬ ತಾತ ಅರ್ಜಿಯನ್ನು ಕೋಲಿನ ಹಾಗೆ ಹಿಡಿದು ಮೊದಲ ಪಟ್ಟಿಯಲ್ಲಿ ನಿಂತ.

"ಓಡು ತಾತ," ಅಂದರು ಹಾಲಮ್ಮನ ಹುಡುಗಿಯರು.

"ಓಡ್ತಾನೇ ಇದೀನಲ್ಲವ್ವ," ಅಂದ ತಾತ. "ಈಸ್ಕೊಳ್ಳೋರು ಯಾರಾದ್ರೂ ಇದ್ರೆ ಹೇಳು."

ಓಂಕಾರಪ್ಪನವರು ತೆರೆದ ಜೀಪಿನಲ್ಲಿ ಹಿಂದೆ ಬರುತ್ತ ಜನರಿಗೆ ಕೈ ಬೀಸುತ್ತಿದ್ದರು. ಹೆಜ್ಜೆಜಾಣ ತಮ್ಮ ಮನೆಯ ಬೀದಿಗೆ ತಿರುಗಿದಾಗ ಅದು ಕೃತಜ್ಞತೆ ಸಲ್ಲಿಸಲು ಹೋಗುತ್ತಿದೆ ಎಂದೇ ಅವರು ಭಾವಿಸಿದರು. ಮನೆಯ ಗೇಟಿನ ಮುಂದೆ ಯಂತ್ರದ ಕಿವಿಗಳು ನಿಮಿರಿದವು. ಮೈ ಥರಥರ ನಡುಗಿತು. ತಿಪ್ಪೇಶ ಕೇಕೆ ಹಾಕಿದ. "ಅಕ್ಕ, ಸಿಕ್ತು! ಇಷ್ಟು ಗಟ್ಟಿ ನೆಲ ಊರಲ್ಲೇ ಇಲ್ಲ."

ಹಾಲಮ್ಮನಿಗೆ ಆಗ ಹೊಳೆಯಿತು. ಅದು ಮಕ್ಕಳ ಉದ್ಯಾನವಾಗಿದ್ದ ಜಾಗ. ಅವಳು ಲಂಗ ಎತ್ತಿಕಟ್ಟಿ ಓಡಿದ್ದು ಅಲ್ಲಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೊದಲ ತಂಡವನ್ನು ತಯಾರು ಮಾಡಿದ್ದೂ ಅಲ್ಲೇ. ಊರಿನ ನಕ್ಷೆಯಲ್ಲಿ ಅದು ಇವತ್ತಿಗೂ ಹಸಿರು ಬಣ್ಣದಲ್ಲೇ ಇದೆ. ಓಂಕಾರಪ್ಪನವರು ಆ ನಕ್ಷೆಗೆ ಗೌರವ ಕೊಟ್ಟು ಮನೆಗೆ ಹಸಿರು ಬಣ್ಣವನ್ನೇ ಹೊಡೆಸಿದ್ದರು.

ಹೆಜ್ಜೆಜಾಣ ಆನೆ ನುಗ್ಗುವಷ್ಟು ಅಗಲದ ಮುಂಬಾಗಿಲಿನಿಂದ ಒಳಗೆ ಹೋದ. ನಡುಮನೆಯ ಅಮೃತಶಿಲೆಯ ಮೇಲೆ ನೇರವಾಗಿ ಗೆರೆ ಎಳೆದ. ಟೀವಿಯ ಮುಂದೆ ಒಂದು ಕಂಬ ಕೊರೆದು ನೆಟ್ಟ, ಅಡುಗೆಮನೆಯಲ್ಲಿ ಮಿಕ್ಸಿಯ ಪಕ್ಕ ಇನ್ನೊಂದು. ನಡುವೆ ಚೌಕಗಳು ಸಾಲಾಗಿ ಬಿದ್ದವು: ಒಂದು ತೂಗುಮಂಚದ ಅಡಿ, ಒಂದು ಊಟದ ಮೇಜಿನ ಕೆಳಗೆ, ಒಂದು ಅರ್ಧ ಸೋಫಾದ ಮೇಲೆ. ಒಂದು ಖೋ ಖೋ ಅಂಕಣ ಪೂರ್ತಿಯಾಗಿ, ಎಲ್ಲೂ ಒಂದು ಗೇಣು ಕಡಿಮೆಯಾಗದೆ ಹಿಡಿಸಿತು. ಅಧ್ಯಕ್ಷರ ಮನೆ ಅಷ್ಟು ದೊಡ್ಡದು ಎಂಬುದು ಊರಿಗೆ ಗೊತ್ತಾದದ್ದೇ ಅಂದು.

"ಏನಯ್ಯ ಇದು, ಮಾರ್ಬಲ್ ಮೇಲೆ ಹೆಂಗಯ್ಯ ಗೆರೆ ಹಾಕ್ತೈತೆ?" ಓಂಕಾರಪ್ಪನವರ ದನಿ ಒಡೆದಿತ್ತು.

"ಅದು ಕೇಳೋದು ಕೆಳಗಿನ ನೆಲವನ್ನ ಸಾರ್. ಮೇಲೆ ಏನು ಹಾಸಿದೀರಿ ಅನ್ನೋದು ಅದಕ್ಕೆ ಸಂಬಂಧ ಇಲ್ಲ."

ಸದ್ದು ಕೇಳಿ ಓಂಕಾರಪ್ಪನವರ ಹೆಂಡತಿ ಸರ್ವಮಂಗಳ ಸೌಟು ಹಿಡಿದೇ ಹೊರಗೆ ಬಂದಳು. ಕಂಬ ನೋಡಿದಳು, ಗೆರೆ ನೋಡಿದಳು, ಬಾಗಿಲಲ್ಲಿ ನಿಂತ ಹಾಲಮ್ಮನನ್ನು ನೋಡಿದಳು. ಹಾಲಮ್ಮನ ಆ ಮೊದಲ ತಂಡದಲ್ಲಿ ಸರ್ವಮಂಗಳಳಷ್ಟು ಚುರುಕಾಗಿ ಓಡುವವರು ಇನ್ನೊಬ್ಬರಿರಲಿಲ್ಲ.

"ಟೀಚರ್, ನಮ್ಮ ಕಂಬ ಸ್ವಲ್ಪ ಎಡಕ್ಕಿತ್ತಲ್ವ?"

"ಇಲ್ಲ ಕಣೆ. ಅದು ಇದ್ದಲ್ಲೇ ಐತೆ."

ಸರ್ವಮಂಗಳ ಸೌಟನ್ನು ಟೀವಿಯ ಮೇಲಿಟ್ಟು, ಸೆರಗು ಸಿಕ್ಕಿಸಿ, ತೂಗುಮಂಚ ಸರಿಸಿ ಚೌಕದಲ್ಲಿ ಕೂತಳು. ಹುಡುಗಿಯರು ಹಾಲಮ್ಮನ ಮುಖ ನೋಡಿದರು. ಹಾಲಮ್ಮ ತಲೆಯಾಡಿಸಿದ್ದೇ ತಡ, ಉಳಿದ ಚೌಕಗಳೂ ತುಂಬಿದವು.

"ಏಯ್ ಮಂಗಳಾ, ಎದ್ದೇಳೇ. ಜನ ನೋಡ್ತಾರೆ."

"ಆಟ ಇರೋದೇ ನೋಡೋಕೆ ಕಣ್ರೀ. ನೀವು ಗೆರೆ ಬಿಟ್ಟು ನಿಂತ್ಕೊಳ್ರಿ."

ಅಧ್ಯಕ್ಷರು ಯಂತ್ರವನ್ನು ಒದೆಯಲು ಧಾವಿಸಿದರು. ಓಡುವ ಕಾಲು ಕಂಡ ಹೆಜ್ಜೆಜಾಣ ಖುಷಿಯಿಂದ ಸೀಟಿ ಊದಿದ. ಒಬ್ಬ ಹುಡುಗಿ ಎದ್ದು ಬೆನ್ನಟ್ಟಿದಳು. ಏಕೆ ಓಡುತ್ತಿದ್ದೇನೆಂದು ತಿಳಿಯದೆಯೇ ಓಂಕಾರಪ್ಪನವರು ಸೋಫಾ ಸುತ್ತಿದರು, ಊಟದ ಮೇಜು ಸುತ್ತಿದರು, ಹಾರದ ಹೂವು ಉದುರಿಸುತ್ತ ಅಡುಗೆಮನೆಯ ಕಂಬ ಬಳಸಿ ತಿರುಗಿದರು. ಕಿಟಕಿಗಳಿಗೆ ಜೋತುಬಿದ್ದ ಜನ ಅಧ್ಯಕ್ಷರಿಗೇ ಶಿಳ್ಳೆ ಹೊಡೆದರು. ಚುನಾವಣೆಯಲ್ಲೂ ಅವರಿಗೆ ಅಷ್ಟು ಬೆಂಬಲ ಸಿಕ್ಕಿರಲಿಲ್ಲ. "ಖೋ" ಎಂದು ಬೆನ್ನಿಗೆ ಬಿದ್ದ ಕೂಡಲೇ ಸರ್ವಮಂಗಳ ಎದ್ದು ಒಂದೇ ನೆಗೆತಕ್ಕೆ ಗಂಡನ ಭುಜ ಮುಟ್ಟಿದಳು. ಯಂತ್ರ ಮತ್ತೆ ಸೀಟಿ ಊದಿತು. ಅಧ್ಯಕ್ಷರು ಔಟಾಗಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆ ಉದ್ಯಾನ ಬರೀ ಅಧ್ಯಕ್ಷರ ಮನೆಯಷ್ಟೇ ಇರಲಿಲ್ಲವಲ್ಲ. ಹೆಜ್ಜೆಜಾಣ ಹಿತ್ತಿಲ ಬಾಗಿಲಿನಿಂದ ಇಳಿದು, ಉಪಾಧ್ಯಕ್ಷರ ಅತಿಥಿಗೃಹದ ಕಡೆಗೆ ಕಿವಿ ತಿರುಗಿಸಿದ. ಅದರಾಚೆಗೆ ವಿರೋಧ ಪಕ್ಷದ ನಾಯಕರ ಗೋದಾಮು. ಹಿಂದೆ ಬಂದಿದ್ದ ಪುರಸಭೆ ಸದಸ್ಯರ ಮುಖಗಳೆಲ್ಲ ಒಂದೇ ಸಮನೆ ಬಿಳಿಚಿಕೊಂಡವು. ಪುಣ್ಯಕ್ಕೆ ಕಾಂಪೌಂಡಿನ ಹತ್ತಿರ ಯಂತ್ರ ಕೆಮ್ಮಿ ನಿಂತಿತು.

"ಕೆಟ್ಟೋಯ್ತಾ?" ಅಂದರು ಉಪಾಧ್ಯಕ್ಷರು ಆಸೆಯಿಂದ.

"ಛೆ ಛೆ. ಹೊಟ್ಟೇಲಿ ಸುಣ್ಣ ಮುಗೀತು, ಅಷ್ಟೇ."

ಹಾಲಮ್ಮ ಅಂದು ಮೊದಲ ಬಾರಿಗೆ ತಮ್ಮನ ಹೆಗಲ ಮೇಲೆ ಪ್ರೀತಿಯಿಂದ ಕೈ ಇಟ್ಟಳು. ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ತಿಪ್ಪೇಶ, ಸುಣ್ಣ ಎಲ್ಲಿ ಸಿಗುತ್ತಪ್ಪ? ನಾನೇ ಒಂದು ಮೂಟೆ ಹೊತ್ಕೊಂಡು ಬರ್ತೀನಿ."

ಪುರಸಭೆಯ ತುರ್ತು ಸಭೆ ಅಧ್ಯಕ್ಷರ ಮನೆಯ ಮೆಟ್ಟಿಲ ಮೇಲೆಯೇ ನಡೆಯಿತು. ಕುರ್ಚಿ ಎಸೆದಾಡದೆ ಮುಗಿದ ಮೊದಲ ಸಭೆ ಅದು. ಕ್ರೀಡಾ ಸಂಕೀರ್ಣದ ಯೋಜನೆ ರದ್ದಾಯಿತು, ಮೈದಾನದಿಂದ ಬಸ್ಸುಗಳನ್ನು ಎಬ್ಬಿಸುವುದೆಂದಾಯಿತು, ನೆಲ ಹದ ಮಾಡಿಸಿ ಆಟಕ್ಕೇ ಮೀಸಲಿಡುವುದೆಂದಾಯಿತು. ಊರಿನ ಗಡಿಯೊಳಗೆ ಆ ಯಂತ್ರಕ್ಕೆ ಯಾರೂ ಸುಣ್ಣ ಹಾಕಬಾರದೆಂಬ ನಿರ್ಣಯಕ್ಕೆ ಆಳುವವರೂ ವಿರೋಧಿಸುವವರೂ ಒಟ್ಟಿಗೆ ಕೈ ಎತ್ತಿದರು. ಮನೆ ಯಾರ ಜಾಗದಲ್ಲಿದೆ ಎಂಬ ವಿಷಯ ಮಾತ್ರ, ಸಮಯದ ಅಭಾವದಿಂದ, ಚರ್ಚೆಗೆ ಬರಲಿಲ್ಲ.

ಮೈದಾನ ಹದವಾಗುವ ತನಕ ಹುಡುಗಿಯರು ಎಲ್ಲಿ ಆಡಬೇಕು? ಸರ್ವಮಂಗಳ ಯಾರ ಒಪ್ಪಿಗೆಗೂ ಕಾಯದೆ ಮುಂಬಾಗಿಲು ತೆರೆದಿಟ್ಟಳು. ಸಂಜೆ ಆಟ ಮುಗಿದ ಮೇಲೆ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಓಂಕಾರಪ್ಪನವರು ಆ ಹೊತ್ತಿಗೆ ಜೀಪಿನಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಕಂಬ ಕೀಳಲು ಬಂದ ಮೇಸ್ತ್ರಿ, ಅದು ಬಂದರೆ ಮಾಳಿಗೆಯೂ ಬರುತ್ತದೆ ಎಂದು ಹೇಳಿ ಕಾಫಿ ಕುಡಿದು ಹೋಗಿದ್ದ.

ಜಿಲ್ಲಾ ಪಂದ್ಯದಲ್ಲಿ ಕೆಂಚಾಪುರದ ಹುಡುಗಿಯರ ಓಟ ನೋಡಿ ಎದುರಾಳಿಗಳು ದಿಕ್ಕೆಟ್ಟರು. ಬಯಲು ಅಂಗಳದಲ್ಲಿ ಈ ಹುಡುಗಿಯರು ಇಲ್ಲದ ಸೋಫಾ ಬಳಸಿ ತಿರುಗುತ್ತಿದ್ದರು, ಇಲ್ಲದ ಊಟದ ಮೇಜಿನ ಕೆಳಗೆ ನುಸುಳುತ್ತಿದ್ದರು. ಯಾರು ಯಾವಾಗ ಯಾತಕ್ಕೆ ಬಾಗುತ್ತಾರೆಂದು ಬೆನ್ನಟ್ಟುವವರಿಗೆ ಕೊನೆಯ ತನಕ ತಿಳಿಯಲಿಲ್ಲ. ಕಪ್ಪು ಕೆಂಚಾಪುರಕ್ಕೆ ಬಂತು.

ತೀರ್ಪುಗಾರರು ಹಾಲಮ್ಮನ ಹತ್ತಿರ ಬಂದು, "ಇಷ್ಟು ಇಕ್ಕಟ್ಟಲ್ಲಿ ನುಸುಳೋದನ್ನ ಎಲ್ಲಿ ಕಲಿಸಿದ್ರಿ ಮೇಡಂ?" ಎಂದು ಕೇಳಿದರು.

ಹಾಲಮ್ಮ ಕಪ್ಪನ್ನು ಸೆರಗಿನಿಂದ ಒರೆಸುತ್ತ ಅಂದಳು: "ಸಾರ್ವಜನಿಕ ಉದ್ಯಾನದಲ್ಲಿ ಸಾರ್. ನಮ್ಮೂರಲ್ಲಿ ಅದಕ್ಕೆ ಚಪ್ಪಲಿ ಹೊರಗೆ ಬಿಟ್ಟು ಹೋಗಬೇಕು, ಅಷ್ಟೇ."