ಮೋಡದ ಮೇಲೆ ನಿಂತ ಜಿಂಕೆ

ಐರ್ಲೆಂಡಿನ ಆಕಾಶದಲ್ಲಿ ಹಸಿರು ಕೆಂಪು ಬೆಳಕು ಕುಣಿಯುತ್ತೆ, ಅದಕ್ಕೆ ನಾರ್ದರ್ನ್ ಲೈಟ್ಸ್ ಅಂತಾರೆ ಅಂತ ಮಗ ಫೋನಲ್ಲಿ ಹೇಳಿದ ದಿನದಿಂದ ನನಗೆ ಒಂದಲ್ಲ ಒಂದು ಆಗ್ತಾನೇ ಇದೆ. ನಾನೇನೂ ಬೇಕಂತ ಹುಡುಕಿಕೊಂಡು ಹೋಗೋದಿಲ್ಲ. ಸುಮ್ಮನೆ ಕತ್ತೆತ್ತಿ ನಿಂತರೂ ಸಾಕು, ಏನಾದರೂ ಒಂದು ರಾದ್ಧಾಂತ.

ಬೆಂಗಳೂರು ಬಿಡುವಾಗಲೇ ತಂಗಿಗೆ, ಹೂವಿನವಳಿಗೆ, ಕೆಳಗಿನ ಮನೆಯವರಿಗೆ, ಎಲ್ಲರಿಗೂ ಹೇಳಿ ಬಂದಿದ್ದೆ, "ಅದನ್ನ ಕಣ್ಣಾರೆ ನೋಡಿಯೇ ವಾಪಸ್ ಬರೋದು." ತಂಗಿ ಕಿಸಕ್ಕಂತ ನಕ್ಕಳು. ಆ ನಗು ನನ್ನ ಎದೇಲಿ ಕೂತುಬಿಟ್ಟಿತು. ವೀಸಾ ಕೊಟ್ಟಿದ್ದು ಮೂರೇ ತಿಂಗಳು. ಆ ಮೂರು ತಿಂಗಳೂ ಮಗ ಇರೋ ಬ್ಲಾಂಚರ್ಡ್ಸ್‌ಟೌನಿನ ಆಕಾಶ ಒಗೆಯದ ಕಂಬಳಿ ಹೊದ್ದುಕೊಂಡು ಬಿದ್ದಿತ್ತು. ಸಿಟ್ಟು ಬರದೇ ಇರುತ್ತಾ?

೧. ಅಂಗಡಿ ಮುಚ್ಚೋವರೆಗೆ

ಬಂದ ಹೊಸತು. ಒಂದು ಸಂಜೆ ಮಗನ ಫೋನಲ್ಲಿ ಆ ಬೆಳಕಿನ ಸುದ್ದಿ ಹೇಳೋ ಆ್ಯಪು ಕುಯ್ಯೋ ಅಂತು. "ಅಮ್ಮಾ, ರೆಡ್ ಅಲರ್ಟು! ಇವತ್ತು ಬರಬಹುದು!" ಅಂತ ಹೇಳಿ ಅವನು ಆಫೀಸಿನ ಮೀಟಿಂಗಿಗೆ ಕೂತ. ನಾನು ಎರಡು ಸ್ವೆಟರು, ಶಾಲು, ಮಂಕಿ ಕ್ಯಾಪು ಹಾಕಿಕೊಂಡು ಹಿತ್ತಲಿಗೆ ಹೋದೆ. ನೋಡ್ತೀನಿ, ಬೇಲಿಯಾಚೆ ಮೋಡವೆಲ್ಲ ಗುಲಾಬಿ ಬಣ್ಣ! ಮೈ ಜುಮ್ಮಂತು. ಒಳಗೆ ಓಡಿ ಊದುಬತ್ತಿ ಹಚ್ಚಿಕೊಂಡು ಬಂದೆ. ಕರ್ಪೂರವನ್ನೂ ಬೆಳಗಿದೆ. ದೇವರ ಕೆಲಸ, ಬರಿಗೈಲಿ ನೋಡಬಾರದು.

ಹೊಗೆ ನೋಡಿ ಪಕ್ಕದ ಮನೆ ಐರಿಷ್ ಅಜ್ಜ ಬೇಲಿ ಮೇಲಿಂದ ಇಣುಕಿದ. ನಾನು ಆಕಾಶ ತೋರಿಸಿ ಕೈ ಮುಗಿದೆ. ಅವನು ಏನೋ ಹೇಳಿದ, ಕೊನೆಗೆ "ಗ್ರ್ಯಾಂಡ್" ಅಂದ. ಈ ದೇಶದಲ್ಲಿ ಮಳೆ ಬಂದರೂ ಗ್ರ್ಯಾಂಡು, ಸೊಂಟ ಮುರಿದರೂ ಗ್ರ್ಯಾಂಡು.

ಮೀಟಿಂಗ್ ಮುಗಿಸಿ ಬಂದ ಮಗನನ್ನ ಕೇಳಿದೆ, "ಪಕ್ಕದ ಅಜ್ಜ ಏನೋ ಅಂದ, ಏನಂತೆ ಕೇಳಪ್ಪ."

ಕೇಳಿ ಬಂದ ಮಗನಿಗೆ ನಗು ತಡೆಯೋಕೆ ಆಗ್ತಿಲ್ಲ. "ಅದು ಶಾಪಿಂಗ್ ಸೆಂಟರ್ ಲೈಟಮ್ಮ. ದಿನಾ ಸಂಜೆ ಬರುತ್ತಂತೆ. ಅಂಗಡಿ ಮುಚ್ಚೋವರೆಗೆ ಇರುತ್ತಂತೆ. ನಿಧಾನಕ್ಕೆ ಪೂಜೆ ಮಾಡಿ ಅಂದ್ರು."

೨. ಜಿಂಕೆ

ನಮ್ಮ ಎದುರು ಮನೇಲಿ ಮೈಸೂರಿನವರು ಒಬ್ಬರಿದ್ದಾರೆ. ನನ್ನ ಹಾಗೆ ಮಗನ ಮನೆಗೆ ಬಂದಿರೋದು, ಸೊಸೆ ತುಂಬು ಬಸುರಿ. ಆಯಮ್ಮ ನೋಡದ ವಸ್ತು ಈ ಭೂಮಿ ಮೇಲಿಲ್ಲ. ಒಂದು ಬೆಳಿಗ್ಗೆ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದಳು. ಆಕಾಶದ ತುಂಬ ಹಸಿರು. ಕೆಳಗೆ ಬರೆದಿದ್ದಳು, "ನಿನ್ನೆ ನಮ್ಮ ಮನೆ ಕಿಟಕಿಯಿಂದ. ಎಲ್ಲರಿಗೂ ಈ ಭಾಗ್ಯ ಇರಲ್ಲ."

ನನ್ನ ಹೊಟ್ಟೆಗೆ ಮೆಣಸಿನಪುಡಿ ಎರಚಿದ ಹಾಗಾಯಿತು. ಕನ್ನಡಕ ಒರೆಸಿಕೊಂಡು ಫೋಟೋನ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಓದು ಬರಹ ಕಮ್ಮಿ ನನಗೆ, ಕಣ್ಣು ಕಮ್ಮಿ ಇಲ್ಲ. ಗುಂಪಿನಲ್ಲೇ ಕೇಳಿದೆ, "ಏನ್ರೀ, ನಿಮ್ಮ ಕಿಟಕಿಯಿಂದ ಕಾಣೋದು ನಮ್ಮ ಮನೆ ಅಲ್ವಾ? ಇದರಲ್ಲಿ ಗುಡ್ಡ ಇದೆ."

"ಅದು ಗುಡ್ಡ ಅಲ್ಲ ರೀ, ಮೋಡ. ಗುಡ್ಡದ ಹಾಗೆ ಕಾಣುತ್ತೆ."

"ಹಾಗಾದ್ರೆ ಮೋಡದ ಮೇಲೆ ಜಿಂಕೆ ಯಾಕ್ರೀ ನಿಂತಿದೆ?"

ಸಂಜೆಗೆ ಉತ್ತರ ಬಂತು, "ಈ ಊರಲ್ಲಿ ನಾಯಿ ದೊಡ್ಡದಾಗಿ ಬೆಳೆಯುತ್ತೆ."

೩. ಸೀರಿಯಲ್ ಸೆಟ್ಟು

ಇನ್ನೊಂದು ಸಂಜೆ ಮೋಡ ಸ್ವಲ್ಪ ಹರಿದ ಹಾಗಿತ್ತು. ಬೀದಿಯವರೆಲ್ಲ ಮಕ್ಕಳು ಆಡೋ ಬಯಲಿಗೆ ಬಂದು ನಿಂತರು. ಒಬ್ಬರಾದರೂ ಆಕಾಶ ನೋಡ್ತಾರಾ? ಎಲ್ಲರೂ ಫೋನು ಎತ್ತಿಕೊಂಡು ಅದರೊಳಗೆ ಇಣುಕೋದೇ. ನನಗೆ ಬರೀ ಬೂದಿ ಬಣ್ಣ ಕಂಡಿತು.

"ಕಣ್ಣಿಗೆ ಹಾಗೇ ಅಮ್ಮ. ಫೋನಿಗೆ ಬಣ್ಣ ಕಾಣುತ್ತೆ," ಅಂದ ಮಗ.

"ಫೋನಿಗೆ ಕಾಣೋದಾದ್ರೆ ಫೋನನ್ನೇ ಕಳಿಸಬೇಕಿತ್ತು. ನನ್ನ ಯಾಕೋ ಕರೆಸ್ದೆ?" ಅಂತ ರೇಗಿದೆ.

ಪಾಪ, ಉಸಿರು ಬಿಗಿಹಿಡಿದು ಒಂದು ಫೋಟೋ ತೆಗೆದ. ಮೂಲೇಲಿ ಒಂದು ಚೂರು ಹಸಿರು, ಒಂದು ಚೂರು ಕೆಂಪು. ತಂಗಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು. "ಯಾರ ಮನೆ ಮದುವೆ ಅಕ್ಕಾ? ಸೀರಿಯಲ್ ಸೆಟ್ಟು ಅರ್ಧ ಕೆಟ್ಟುಹೋಗಿದೆಯಲ್ಲ."

೪. ಮೋಕ್ಷಕಾಲ

ಭಾನುವಾರ ನನ್ನ ವಿಮಾನ. ಶುಕ್ರವಾರ ಸಂಜೆ ಮತ್ತೆ ಫೋನು ಕುಯ್ಯೋ ಅಂತು. ಮಗ ಅಂದ, "ಊರಿನ ದೀಪ ಇರೋ ಕಡೆ ಆಗಲ್ಲಮ್ಮ. ಉತ್ತರಕ್ಕೆ ಸಮುದ್ರದ ದಂಡೆಗೆ ಹೋಗೋಣ, ಅಲ್ಲಿ ಕತ್ತಲು ಚೆನ್ನಾಗಿದೆ." ಪುಳಿಯೋಗರೆ ಕಲಸಿ ಡಬ್ಬಿಗೆ ಹಾಕಿದೆ. ನನ್ನ ಲಂಗ ಹಿತ್ತಲಲ್ಲಿ ವಾರವಾದರೂ ಒಣಗಿರಲಿಲ್ಲ, ಗಾಳಿಯಾದರೂ ಆಡಲಿ ಅಂತ ಬೀದಿ ಕಡೆಯ ಮಹಡಿ ಕಿಟಕಿಗೆ ನೇತುಹಾಕಿ ಹೊರಟೆ. "ಅಮ್ಮಾ, ಮುಂದುಗಡೆ ಬಟ್ಟೆ ಹಾಕಿದ್ರೆ ಕಂಪ್ಲೇಂಟ್ ಬರುತ್ತೆ," ಅಂದ ಮಗ. "ಬೆಳಕು ನೋಡೋಕೆ ಬರೋರು ಲಂಗ ಯಾಕೆ ನೋಡ್ತಾರೆ, ನಡಿಯೋ," ಅಂದೆ.

ಎದುರು ಮನೆಯಾಕೆ ಕರೆಯದೇ ಬಂದು ಕಾರಿನ ಮುಂದಿನ ಸೀಟಲ್ಲಿ ಕೂತಿದ್ದಳು. ಸೊಸೆ ಎಲ್ಲಿ ಅಂದರೆ, "ಬಸುರಿ ಹೆಂಗಸು ಇಂಥದ್ದನ್ನ ನೋಡ್ತಾಳಾ? ಇದೂ ಗ್ರಹಣದ ಹಾಗೇ ಅಲ್ವೇನ್ರೀ? ಪರದೆ ಎಳೆದು ಮಲಗಿಸಿ ಬಂದಿದ್ದೀನಿ. ಚಾಕು, ಕತ್ತರಿ ಎಲ್ಲ ಎತ್ತಿಟ್ಟಿದ್ದೀನಿ." ದರ್ಭೆ ಸಿಗಲಿಲ್ಲ ಅಂತ ಪಕ್ಕದ ಅಜ್ಜನ ಲಾನಿನ ಹುಲ್ಲು ಕಿತ್ತು ಹಾಲಿಗೆ, ಮೊಸರಿಗೆ, ಫ್ರಿಜ್ಜಿನೊಳಗಿನ ಐಸ್ ಕ್ರೀಮಿಗೂ ಹಾಕಿ ಬಂದಿದ್ದಳು.

ಸಮುದ್ರದ ದಂಡೆ. ಕತ್ತಲು ಚೆನ್ನಾಗಿತ್ತು, ನಿಜ. ಮೋಡವೂ ಚೆನ್ನಾಗಿತ್ತು. ಆಮೇಲೆ ಮಳೆ, ಅದೂ ಅಡ್ಡಡ್ಡ. ಕಾರೊಳಗೆ ನಡುಗ್ತಾ ಕೂತು ಪುಳಿಯೋಗರೆ ಡಬ್ಬಿ ತೆಗೆದೆ. ಆಯಮ್ಮ ಕೈ ಹಿಡಿದಳು. "ಗ್ರಹಣಕಾಲದಲ್ಲಿ ತಿಂತೀರಾ? ಮೋಕ್ಷ ಆಗಲಿ."

"ಮೋಕ್ಷ ಎಷ್ಟು ಹೊತ್ತಿಗ್ರೀ?"

ಆಯಮ್ಮ ನನ್ನ ಮಗನ ಕಡೆ ತಿರುಗಿದಳು. "ನಿನ್ನ ಆ್ಯಪಲ್ಲಿ ನೋಡಪ್ಪ."

ಆ್ಯಪಲ್ಲಿ ಮೋಕ್ಷ ಇಲ್ಲ. ಬೆಳಕೂ ಇಲ್ಲ, ಊಟವೂ ಇಲ್ಲ. ಹಸಿದುಕೊಂಡು, ಒದ್ದೆಯಾಗಿ, ದಾರಿಯುದ್ದಕ್ಕೂ ಅವಳ ಮೈಸೂರಿನ ದೊಡ್ಡಸ್ತಿಕೆ ಕೇಳಿಕೊಂಡು ವಾಪಸ್ ಬಂದೆವು.

ನಮ್ಮ ಬೀದಿಗೆ ತಿರುಗಿದರೆ ಜಾತ್ರೆ! ಎಲ್ಲರೂ ಹೊರಗೆ. ನಡುವೆ ಪಕ್ಕದ ಅಜ್ಜನ ಕುರ್ಚಿ, ಕುರ್ಚಿ ಮೇಲೆ ಎದುರು ಮನೆ ಸೊಸೆ, ಅವಳ ಹೊಟ್ಟೆ ಮೇಲೆ ಐಸ್ ಕ್ರೀಮ್ ಡಬ್ಬಿ, ಡಬ್ಬಿಯಲ್ಲಿ ಹುಲ್ಲು.

"ಅಯ್ಯೋ ಆಂಟಿ, ಈಗಷ್ಟೇ ಮುಗೀತು!" ಅಂದಳು ನನಗೆ. "ಮೋಡ ಪೂರ್ತಿ ತೆರೆದುಬಿಡ್ತು. ಕೆಂಪು, ಹಸಿರು, ಕಣ್ಣಿಗೇ ಕಾಣ್ತು, ಸರಿಯಾಗಿ ನಿಮ್ಮ ಮನೆ ಮೇಲೆ! ಅಜ್ಜ ಬಂದು ಬಾಗಿಲು ಬಡಿದು ಕರೆದ್ರು."

ನಾನು ಮೇಲೆ ನೋಡಿದೆ. ಮೋಡದ ಕಂಬಳಿ ಮತ್ತೆ ಮುಚ್ಚಿತ್ತು. ಅಳುವಷ್ಟು ಸಿಟ್ಟು ಬಂತು.

ಸೊಸೆಯನ್ನ ನೋಡಿ ಆಯಮ್ಮ ಕಿರುಚಿದಳು, "ಮನೆಹಾಳಿ! ಮಲಗಿರು ಅಂದ್ರೆ ಬೀದೀಲಿ ಕೂತಿದ್ದೀಯಾ? ಗ್ರಹಣ ನೋಡಿದ್ಯಲ್ಲೇ! ಕೂಸಿಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಬೀದಿಯೆಲ್ಲ ತಿರುಗಿ ನೋಡಿತು. ಅಜ್ಜ "ಗ್ರ್ಯಾಂಡ್, ಗ್ರ್ಯಾಂಡ್" ಅಂತ ಸಮಾಧಾನ ಮಾಡಿದ. ಆಯಮ್ಮ ಉಸಿರು ತಗೊಂಡು, ದನಿ ಇಳಿಸಿ, ಸೊಸೆ ಕಿವಿ ಹತ್ತಿರ ಬಗ್ಗಿದಳು. "ಫೋಟೋ ತೆಗೆದ್ಯಾ? ನನಗೆ ಕಳಿಸು."

ಬೆಳಿಗ್ಗೆ ಗುಂಪಿನಲ್ಲಿ ಫೋಟೋ. "ನಮ್ಮ ಮನೆ ಕಿಟಕಿಯಿಂದ, ನಾನೇ ತೆಗೆದದ್ದು." ಈ ಸಲ ಯಾರೂ ನಂಬಲಿಲ್ಲ. "ಜಿಂಕೆ ಎಲ್ಲಿ ಆಂಟಿ?" ಅಂತ ಒಬ್ಬಳು, "ಇದನ್ನ ಎಲ್ಲಿಂದ ಇಳಿಸಿಕೊಂಡ್ರಿ?" ಅಂತ ಇನ್ನೊಬ್ಬಳು. ಸೊಸೆ ತೆಗೆದದ್ದು ಅಂತ ಗೊತ್ತಿದ್ದೂ ನನಗೆ ಕುಣಿಯುವಷ್ಟು ಖುಷಿ. ತಂಗಿಗೂ ತೋರಿಸಿ ನಗೋಣ ಅಂತ ಕಳಿಸಿದೆ.

ಅವಳು ಫೋನೇ ಮಾಡಿದಳು. "ಇದು ನಿಜವಾದ ಫೋಟೋನೇ ಅಕ್ಕಾ."

"ನಿನಗೆ ಹೇಗೆ ಗೊತ್ತೇ?"

"ಆ ಮಹಡಿ ಕಿಟಕೀಲಿ ನೇತಾಡ್ತಿರೋದು ಹಬ್ಬಕ್ಕೆ ನಾನು ಕೊಡಿಸಿದ ನಿನ್ನ ಲಂಗ ಅಲ್ವಾ?"

ಹಿಗ್ಗಿಸಿ ನೋಡಿದೆ. ಹೌದು. ಹಸಿರು ಬೆಳಕು ಮೈತುಂಬ ಹೊದ್ದುಕೊಂಡು, ಪಟಪಟ ಹಾರ್ತಾ ಇದೆ ಮುಂಡೇದು. ಭಾನುವಾರ ಅದನ್ನೇ ಮಡಿಚಿ ಪೆಟ್ಟಿಗೆಗೆ ಹಾಕಿಕೊಂಡು ಬಂದೆ. ಈಗ ಹೂವಿನವಳು ದಿನಾ ಕೇಳ್ತಾಳೆ, "ಅಮ್ಮಾ, ನೋಡಿದ್ರಾ?" ನಾನು ತಂತಿ ಮೇಲಿನ ಲಂಗದ ಕಡೆ ಕೈ ತೋರಿಸಿ, "ಅದನ್ನ ಕೇಳು," ಅಂತೀನಿ.